ಹಳೆಯ ಕಾರಿನ ತುಕ್ಕು ರಿಪೇರಿ: ಖರ್ಚು ಮತ್ತು ಗುಣಮಟ್ಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಳ್ಳೆಯ ಕೆಲಸವಿರಲಿ, ಕಳಪೆ ಕೆಲಸವಿರಲಿ, ತುಕ್ಕು ರಿಪೇರಿ ಮುಗಿದ ದಿನ ಎರಡೂ ಒಂದೇ ಥರ ಹೊಳೆಯುತ್ತವೆ. ವ್ಯತ್ಯಾಸವೆಲ್ಲ ತಗಡಿನ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ ಇರುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಬಣ್ಣದ ಮಾತು ಕಡಿಮೆ, ಹಿಂಬದಿಯ ಮಾತು ಹೆಚ್ಚು.

ಬಾಗಿಲ ಕೆಳಗೆ ಒಂದು ಸಣ್ಣ ಗುಳ್ಳೆ ಎದ್ದಿದೆ, ಅಷ್ಟೇ. ಅದಕ್ಕೆ ಇಷ್ಟು ದೊಡ್ಡ ಎಸ್ಟಿಮೇಟ್ ಯಾಕೆ?

ಪೇಂಟಿನಲ್ಲಿ ಗುಳ್ಳೆ ಏಳುವುದು ಎರಡು ಕಾರಣಕ್ಕೆ. ಕಲ್ಲು ಬಡಿದೋ ಗೀರು ಬಿದ್ದೋ ಬಣ್ಣ ಹೋದ ಕಡೆ ತುಕ್ಕು ಹಿಡಿದು, ಸುತ್ತಲಿನ ಬಣ್ಣದ ಅಡಿಗೆ ಹಬ್ಬಿರುವುದು ಒಂದು. ಇದನ್ನು ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹಚ್ಚಿದರೆ ಮುಗಿಯಿತು. ಇನ್ನೊಂದು, ಒಳಗಿನಿಂದ ತಗಡನ್ನು ತಿನ್ನುತ್ತ ಬಂದ ತುಕ್ಕು ಹೊರಮೈಗೆ ಬಂದು ಮುಟ್ಟಿರುವುದು. ಬಾಗಿಲ ಕೆಳ ಅಂಚು, ಚಕ್ರದ ಕಮಾನಿನ ಅಂಚು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಸಿಲ್, ಈ ಜಾಗಗಳ ಗುಳ್ಳೆ ಬಹುತೇಕ ಎರಡನೇ ಜಾತಿಯದ್ದೇ.

ಹೊರ ತಗಡಿನ ದಪ್ಪ ಸಾಮಾನ್ಯವಾಗಿ 0.7ರಿಂದ 0.9 ಮಿ.ಮೀ. ಮಾತ್ರ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ, ಅದಕ್ಕೇ ಬಣ್ಣವನ್ನು ಮೇಲೆ ತಳ್ಳುತ್ತದೆ. ಹೊರಗೆ ನಾಣ್ಯದಷ್ಟು ಗುಳ್ಳೆ ಕಂಡಾಗ ಒಳಗೆ ಅಂಗೈಯಗಲ ತಗಡು ತೆಳುವಾಗಿರುವುದು ಮಾಮೂಲು. ಎಸ್ಟಿಮೇಟ್ ಬರೆಯುವವರು ಲೆಕ್ಕ ಹಾಕುವುದು ಗುಳ್ಳೆಯ ಅಗಲವನ್ನಲ್ಲ, ಗಟ್ಟಿ ತಗಡು ಸಿಗುವವರೆಗೆ ಎಷ್ಟು ಕತ್ತರಿಸಬೇಕು ಎಂಬುದನ್ನು.

ಒಳಗೆ ಎಷ್ಟು ಹೋಗಿದೆ ಎಂದು ನಾನೇ ನೋಡಿಕೊಳ್ಳಬಹುದೇ?

ಬಹುಮಟ್ಟಿಗೆ ನೋಡಿಕೊಳ್ಳಬಹುದು. ಗ್ಯಾರೇಜಿಗೆ ಹೋಗುವ ಮೊದಲು ನೋಡಿಕೊಂಡರೆ ಎಸ್ಟಿಮೇಟ್ ಅರ್ಥವಾಗುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್, ಫ್ಲೋರ್, ಚಕ್ರದ ಕಮಾನುಗಳನ್ನು ಸಾಲಾಗಿ ತಟ್ಟುತ್ತ ಹೋಗಿ. ಗಟ್ಟಿ ತಗಡು ಖಣಖಣ ಎನ್ನುತ್ತದೆ. ತಿಂದುಹೋದದ್ದು, ಪುಟ್ಟಿ ತುಂಬಿದ್ದು ಬೊದ್ದು ಸದ್ದು ಕೊಡುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಮೊನೆಯಿಂದ ಸ್ವಲ್ಪ ಗಟ್ಟಿಯಾಗಿಯೇ ಒತ್ತಿ. ಒಳ್ಳೆಯ ತಗಡಿಗೆ ಏನೂ ಆಗುವುದಿಲ್ಲ. ತೂತಾದರೆ ಆ ತೂತು ನೀವು ಮಾಡಿದ್ದಲ್ಲ, ಮೊದಲೇ ಇದ್ದದ್ದು. ಇನ್ನೊಬ್ಬರ ಕಾರು ಕೊಳ್ಳಲು ಹೋದಾಗ ಮಾತ್ರ ಇದಕ್ಕೆ ಮುಂಚೆ ಮಾಲೀಕರ ಒಪ್ಪಿಗೆ ಕೇಳಿ.

ಆಮೇಲೆ ಕಾರ್ಪೆಟ್ ಎತ್ತಿ. ಅದರಡಿಯ ಫೋಮ್ ಒದ್ದೆಯಿದ್ದರೆ ಫ್ಲೋರ್ ಮೇಲಿನಿಂದಲೇ ಕೊಳೆಯುತ್ತಿದೆ ಎಂದರ್ಥ. ನೀರು ಬರುವುದು ಮುಂದಿನ ಗಾಜಿನ ರಬ್ಬರಿನಿಂದ, ಹೀಟರ್ ಅಥವಾ ಏಸಿ ನೀರು ಹೋಗುವ ಕೊಳವೆ ಕಟ್ಟಿಕೊಂಡದ್ದರಿಂದ, ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಕೊಳವೆಗಳಿಂದ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಆ ಗುಂಡಿಯ ತಳ ನೋಡಿ. ಬ್ಯಾಟರಿ ಕೆಳಗಿನ ತಟ್ಟೆಯನ್ನೂ ನೋಡಿ, ಆಸಿಡ್ ಚೆಲ್ಲಿದ ಕಡೆ ತಗಡು ಬೇಗ ಹೋಗುತ್ತದೆ. ಬಾಗಿಲ ಕೆಳ ಅಂಚಿನಲ್ಲಿ ನೀರು ಹೋಗಲು ಬಿಟ್ಟ ತೂತುಗಳಲ್ಲಿ ತಂತಿ ಆಡಿಸಿ; ಕಂದು ಬಣ್ಣದ ಕೆಸರು ಬಂದರೆ ಬಾಗಿಲೊಳಗೆ ನೀರು ನಿಲ್ಲುತ್ತಿತ್ತು ಎಂದೇ ಲೆಕ್ಕ.

ಪೇಂಟ್ ದಪ್ಪ ಅಳೆಯುವ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಫ್ಯಾಕ್ಟರಿ ಪೇಂಟ್ ಹೆಚ್ಚಿನ ಕಾರುಗಳಲ್ಲಿ 80ರಿಂದ 150 ಮೈಕ್ರಾನ್ (ಒಂದು ಮಿ.ಮೀ.ಗೆ 1000 ಮೈಕ್ರಾನ್) ಆಸುಪಾಸು. 200ರಿಂದ 300 ಬಂದರೆ ಮತ್ತೆ ಬಣ್ಣ ಹೊಡೆದಿದ್ದಾರೆ. 1000 ದಾಟಿದರೆ ಕೆಳಗೆ ಪುಟ್ಟಿ ಇದೆ. ಗೇಜ್ ಇಲ್ಲದಿದ್ದರೆ ತೆಳು ಬಟ್ಟೆ ಸುತ್ತಿದ ಅಯಸ್ಕಾಂತವೂ ನಡೆಯುತ್ತದೆ: ಪುಟ್ಟಿ ದಪ್ಪ ಇದ್ದ ಕಡೆ ಹಿಡಿಯುವುದಿಲ್ಲ.

ಕೊನೆಯದಾಗಿ, ಸಿಲ್‌ನ ಜ್ಯಾಕ್ ಪಾಯಿಂಟಿಗೆ ಜ್ಯಾಕ್ ಕೊಟ್ಟು ನಿಧಾನವಾಗಿ ಎತ್ತಿ. ಕರಕರ ಸದ್ದು ಬಂದರೆ, ಕಾರು ಏಳುವ ಬದಲು ಜ್ಯಾಕ್ ಒಳಗೆ ಹೋದರೆ, ಅಥವಾ ಬಾಗಿಲ ಸಂದು ಬದಲಾಗಿ ಬಾಗಿಲು ಮುಚ್ಚಲು ಬಿಗಿಯಾದರೆ ತಕ್ಷಣ ಇಳಿಸಿ. ಬಾಡಿಗೆ ಬಲ ಕೊಡುವ ಭಾಗವೇ ಸೋತಿದೆ. ಬರೀ ಜ್ಯಾಕ್ ಮೇಲಿರುವ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ.

ಯಾವ ತುಕ್ಕು ಅಪಾಯ, ಯಾವುದು ಬರೀ ಅಂದಗೇಡು?

ಮಡ್‌ಗಾರ್ಡ್, ಬಾನೆಟ್, ಬಾಗಿಲ ಹೊರ ತಗಡು, ಡಿಕ್ಕಿ ಮುಚ್ಚಳ: ಇವು ಅಂದಗೇಡು. ಬೋಲ್ಟ್ ಬಿಚ್ಚಿ ಬೇರೆ ಹಾಕಬಹುದಾದ ಭಾಗಕ್ಕೆ ವೆಲ್ಡಿಂಗ್ ಮಾಡಿಸಲು ಹೋಗಬೇಡಿ, ಹಳೇ ಕಾರಿನ ಒಳ್ಳೆಯ ಮಡ್‌ಗಾರ್ಡ್ ಸಿಕ್ಕಿದರೆ ಅದೇ ಅಗ್ಗ.

ಸಿಲ್, ಚಾಸಿಸ್ ರೈಲು (ಕಾರಿನ ಅಡಿಯಲ್ಲಿ ಉದ್ದಕ್ಕೂ ಹೋಗುವ ತೊಲೆ), ಶಾಕ್ ಅಬ್ಸಾರ್ಬರ್ ಕೂರುವ ಗೋಪುರ, ಸಸ್ಪೆನ್ಷನ್ ಆರ್ಮ್ ಹಿಡಿದ ಜಾಗ, ಸ್ಟೀರಿಂಗ್ ಬಾಕ್ಸ್ ಹಿಡಿದ ಜಾಗ, ಸೀಟ್ ಬೆಲ್ಟ್ ಕಚ್ಚಿಕೊಂಡ ಜಾಗ, ಸೀಟ್ ಬೋಲ್ಟ್ ಸುತ್ತಲಿನ ಫ್ಲೋರ್, ಮೇಲ್ಛಾವಣಿ ಹೊರುವ ಪಿಲ್ಲರುಗಳ ಬುಡ: ಇವು ಪ್ರಾಣದ ಪ್ರಶ್ನೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಇಂಥ ಹಿಡಿತದ ಜಾಗದಿಂದ 30 ಸೆಂ.ಮೀ. ಒಳಗೆ ಕಾಣುವ ತುಕ್ಕನ್ನು ವಿಶೇಷವಾಗಿ ನೋಡುತ್ತಾರೆ. ಎಲ್ಲಿದ್ದರೂ ಆ ಅಳತೆ ಇಟ್ಟುಕೊಳ್ಳುವುದು ಒಳ್ಳೆಯದು.

ಬ್ರೇಕ್ ಪೈಪಿನ ಮಾತು ಬೇರೆ. ತುಕ್ಕು ಪದರ ಎದ್ದು ಗುಳಿ ಬಿದ್ದ ಉಕ್ಕಿನ ಪೈಪನ್ನು ಉಜ್ಜಿ ಬಣ್ಣ ಹಚ್ಚಿ ಕೂರಿಸುವುದು ಬೇಡ, ಪೂರ್ತಿ ಬದಲಾಯಿಸಿ. ತಾಮ್ರ ಮತ್ತು ನಿಕಲ್ ಬೆರೆತ ಪೈಪ್ ಹಾಕಿದರೆ ಆ ಚಿಂತೆ ಮತ್ತೆ ಬರುವುದಿಲ್ಲ.

ಖರ್ಚು ಎಲ್ಲಿ ಹೋಗುತ್ತದೆ?

ಗಂಟೆಗಳಲ್ಲಿ. ತಗಡು, ವೆಲ್ಡಿಂಗ್ ವೈರ್, ಗ್ಯಾಸ್, ಪ್ರೈಮರ್ ಇವೆಲ್ಲ ಸೇರಿದರೂ ಬಿಲ್ಲಿನ ಸಣ್ಣ ಪಾಲು. ಬಣ್ಣದ ಸಾಮಾನು ಸ್ವಲ್ಪ ದುಬಾರಿ, ಉಳಿದದ್ದೆಲ್ಲ ಕೂಲಿ. ಕೂಲಿಯ ದರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಕೆಲಸ ಬೇಡುವ ಹೊತ್ತು ಅಷ್ಟಾಗಿ ಬದಲಾಗುವುದಿಲ್ಲ. ಆದ್ದರಿಂದ ಗಂಟೆ ಕೇಳಿ, ನಿಮ್ಮಲ್ಲಿನ ದರದಿಂದ ಗುಣಿಸಿಕೊಳ್ಳಿ.

ಅಂದಾಜು ಹೀಗೆ. ಚಕ್ರದ ಕಮಾನಿನ ಅಂಚಿಗೆ ಒಂದು ಪ್ಯಾಚ್, ಬಣ್ಣ ಬಿಟ್ಟು, 5ರಿಂದ 8 ಗಂಟೆ. ಒಳ ಕಮಾನೂ ಹೋಗಿದ್ದರೆ ಅದರ ಎರಡು ಪಟ್ಟು. ರೆಡಿ ಪ್ಯಾನೆಲ್ ಸಿಕ್ಕಿ ಸಿಲ್‌ನ ಹೊರ ತಗಡು ಮಾತ್ರ ಬದಲಾಯಿಸುವುದಾದರೆ ಒಂದು ಬದಿಗೆ 8ರಿಂದ 12 ಗಂಟೆ. ಒಳ ಸಿಲ್, ಫ್ಲೋರ್ ಅಂಚು ಸೇರಿದರೆ 20 ದಾಟುವುದು ಸುಲಭ. ಅಂಗೈಯಗಲ ಫ್ಲೋರ್ ಪ್ಯಾಚ್ ನೋಡಿ: ವೆಲ್ಡಿಂಗ್ ಒಂದೆರಡು ಗಂಟೆ, ಆದರೆ ಸೀಟು, ಕಾರ್ಪೆಟ್, ಅದರಡಿಯ ವೈರಿಂಗ್ ಬಿಚ್ಚಿ ವಾಪಸ್ ಕೂರಿಸಲು ಅದರ ಎರಡರಷ್ಟು. ಹಿಂದಿನ ಚಕ್ರದ ಹತ್ತಿರ ಬೆಂಕಿ ತಾಗಿಸಬೇಕಾದರೆ ಪೆಟ್ರೋಲ್ ಟ್ಯಾಂಕ್ ಇಳಿಸಲೇಬೇಕು. ಗಾಜಿನ ಚೌಕಟ್ಟಿನ ಕೆಳಮೂಲೆಯ ತುಕ್ಕಿಗೆ ಗಾಜು ತೆಗೆಯಬೇಕು, ಡ್ಯಾಶ್‌ಬೋರ್ಡ್ ಮುಚ್ಚಬೇಕು ಇಲ್ಲವೇ ಬಿಚ್ಚಬೇಕು. ಹೊರಗೆ ಬೆರಳುದ್ದ ಕಂಡ ಕೆಲಸ ಹೀಗೇ ಬೆಳೆಯುವುದು.

ಬಣ್ಣದಲ್ಲೂ ಒಂದು ಗುಟ್ಟಿದೆ. ಮೆಟಾಲಿಕ್ ಬಣ್ಣವನ್ನು ತುಂಡಿಗೆ ಮಾತ್ರ ಹೊಡೆದರೆ ಗೆರೆ ಕಾಣುತ್ತದೆ. ಪಕ್ಕದ ಪ್ಯಾನೆಲ್‌ಗೂ ತೆಳುವಾಗಿ ಹಾಯಿಸಿ ಬೆರೆಸಬೇಕು, ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಇಡೀ ಪ್ಯಾನೆಲ್‌ಗೆ ಹೋಗಬೇಕು. ಸಿಲ್ ಕೆಲಸಕ್ಕೆ ಬಾಗಿಲ ಬಣ್ಣದ ಬಿಲ್ ಬಂದರೆ ಮೋಸ ಎಂದು ತಿಳಿಯಬೇಡಿ.

ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ನಾಲ್ಕು ಪಟ್ಟು ಹೇಳುತ್ತಾರೆ. ಯಾರನ್ನು ನಂಬುವುದು?

ಇಬ್ಬರೂ ಸುಳ್ಳು ಹೇಳುತ್ತಿಲ್ಲದಿರಬಹುದು, ಇಬ್ಬರ ತಲೆಯಲ್ಲಿರುವ ಕೆಲಸವೇ ಬೇರೆ. ಹಾಗಾಗಿ ಮೊತ್ತ ಹೋಲಿಸಬೇಡಿ, ಈ ನಾಲ್ಕು ವಿಷಯ ಕೇಳಿ: ತುಕ್ಕು ಹಿಡಿದ ತಗಡನ್ನು ಕತ್ತರಿಸಿ ತೆಗೆಯುತ್ತೀರಾ, ಇಲ್ಲ ಅದರ ಮೇಲೆಯೇ ತಗಡು ಹೊದಿಸುತ್ತೀರಾ? ಬೆಸುಗೆ ಯಾವ ಥರದ್ದು? ವೆಲ್ಡ್ ಆದ ಮೇಲೆ ಒಳಮೈಗೆ ಏನು ಹಾಕುತ್ತೀರಿ? ಬಣ್ಣ ಹೊಡೆಯುವ ಮೊದಲು ಬರೀ ತಗಡಿನ ಫೋಟೋ ಕೊಡುತ್ತೀರಾ?

ಮೂರನೇ ಪ್ರಶ್ನೆಗೆ ಉತ್ತರ ತಡವರಿಸಿದರೆ ಅಲ್ಲೇ ಕೆಲಸದ ಮಟ್ಟ ಗೊತ್ತಾಗುತ್ತದೆ. ನೋಡದೆಯೇ ಫೋನಿನಲ್ಲಿ ಒಂದು ಮೊತ್ತಕ್ಕೆ ಒಪ್ಪುವವರ ಬಗ್ಗೆಯೂ ಎಚ್ಚರ ಇರಲಿ. ಕತ್ತರಿಸುವವರೆಗೆ ಒಳಗೇನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಒಪ್ಪಿದ ಮೊತ್ತದೊಳಗೆ ಮುಗಿಸಲು ಏನನ್ನೋ ಬಿಡಲೇಬೇಕಾಗುತ್ತದೆ.

ನ್ಯಾಯವಾದ ಒಪ್ಪಂದ ಹಂತ ಹಂತವಾಗಿರುತ್ತದೆ. ಮೊದಲು ಬಿಚ್ಚಿ, ಕೆರೆದು ನೋಡುವುದಕ್ಕೆ ಒಂದು ಮೊತ್ತ. ಆಮೇಲೆ ಬರೆದುಕೊಟ್ಟ ಎಸ್ಟಿಮೇಟ್, ಅದನ್ನು ಮೀರುವ ಮೊದಲು ಫೋನ್ ಮಾಡಬೇಕೆಂಬ ಷರತ್ತು. ಹಣವೂ ಹಂತ ಹಂತವಾಗಿಯೇ. ನಿಮ್ಮ ಕಡೆಯಿಂದ ಎಸ್ಟಿಮೇಟಿನ ಮೂರನೇ ಒಂದು ಭಾಗದಷ್ಟಾದರೂ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ.

ಪುಟ್ಟಿ ಹಾಕುವುದೇ ತಪ್ಪೇ?

ಅಲ್ಲ. ಗಟ್ಟಿ ತಗಡಿನ ಮೇಲೆ, ಬೆಸುಗೆಯ ಏರುತಗ್ಗು ಸಮ ಮಾಡಲು 2–3 ಮಿ.ಮೀ. ಒಳಗೆ ಪುಟ್ಟಿ ಹಾಕುವುದು ಪಳಗಿದ ಟಿಂಕರಿಂಗ್ ಕೆಲಸದವರೂ ಮಾಡುವುದೇ. ತೂತು ಮುಚ್ಚಲು ಪುಟ್ಟಿ ಬಳಸುವುದು ತಪ್ಪು. ಪಾಲಿಯೆಸ್ಟರ್ ಪುಟ್ಟಿ ಸ್ಪಂಜಿನ ಹಾಗೆ ನೀರು ಹೀರುತ್ತದೆ. ತೂತಿನ ಹಿಂದೆ ತೇವ ಇದ್ದೇ ಇರುತ್ತದೆ, ಅದು ಪುಟ್ಟಿಯೊಳಗೆ ಇಳಿದು ತಗಡಿಗೂ ಪುಟ್ಟಿಗೂ ನಡುವೆ ತುಕ್ಕು ಬೆಳೆಯುತ್ತದೆ. ಒಂದೆರಡು ಮಳೆಗಾಲದಲ್ಲಿ ಅಂಚಿನ ಸುತ್ತ ಗೆರೆ ಬಿದ್ದು ಪುಟ್ಟಿ ಹೆಕ್ಕಳಿಕೆಯಾಗಿ ಏಳುತ್ತದೆ.

ಪುಟ್ಟಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ತೂಕದಲ್ಲಿ 2% ಆಸುಪಾಸು ಸಾಕು. ಬೇಗ ಗಟ್ಟಿಯಾಗಲೆಂದು ಜಾಸ್ತಿ ಹಾಕಿದರೆ ಅದರ ಪೆರಾಕ್ಸೈಡ್ ಬಣ್ಣದ ಮೂಲಕ ಮೇಲೆ ಬಂದು ಕಲೆ ಕಾಣಿಸುತ್ತದೆ, ತಿಳಿಬಣ್ಣದ ಕಾರಿನಲ್ಲಿ ಇನ್ನೂ ಎದ್ದು ಕಾಣುತ್ತದೆ.

ವೆಲ್ಡಿಂಗ್ ಬೇಡ, ಫೈಬರ್ ಬಟ್ಟೆ ಹಾಕಿ ಅಥವಾ ರಿವೆಟ್ ಹೊಡೆದು ಮುಚ್ಚಿದರೆ?

ಅಂದಗೇಡಿನ ಪ್ಯಾನೆಲ್‌ಗೆ, ಗಾಡಿ ಇನ್ನೊಂದು ವರ್ಷ ಓಡಿದರೆ ಸಾಕು ಎನ್ನುವವರಿಗೆ ನಡೆಯುತ್ತದೆ. ಬಲ ಹೊರುವ ಭಾಗಕ್ಕೆ ಬೇಡವೇ ಬೇಡ. ತಯಾರಕರೇ ಕೆಲವು ಪ್ಯಾನೆಲ್‌ಗಳಿಗೆ ಅಂಟು ಮತ್ತು ರಿವೆಟ್ ವಿಧಾನ ಹೇಳಿರುವುದುಂಟು, ಆದರೆ ಆ ಅಂಟು, ಆ ಮೇಲ್ಮೈ ತಯಾರಿ, ಆ ಜಾಗ ಎಲ್ಲವೂ ಅವರ ಕೈಪಿಡಿಯ ಪ್ರಕಾರವೇ ಇರಬೇಕು.

ರಸ್ಟ್ ಕನ್ವರ್ಟರ್ ಹಚ್ಚಿದರೆ ತುಕ್ಕು ನಿಂತುಹೋಗುತ್ತದಾ?

ತೆಳು ತುಕ್ಕಾದರೆ ಬಹುಮಟ್ಟಿಗೆ ನಿಲ್ಲುತ್ತದೆ. ಇವುಗಳಲ್ಲಿ ಟ್ಯಾನಿಕ್ ಆಸಿಡ್ ಇಲ್ಲವೇ ಫಾಸ್ಫಾರಿಕ್ ಆಸಿಡ್ ಇರುತ್ತದೆ, ಕೆಲವದರಲ್ಲಿ ಎರಡೂ. ಟ್ಯಾನಿಕ್ ಆಸಿಡ್ ತುಕ್ಕಿನ ಜೊತೆ ಸೇರಿ ನೀಲಿಗಪ್ಪು ಪದರವಾಗುತ್ತದೆ, ಫಾಸ್ಫಾರಿಕ್ ಕಬ್ಬಿಣದ ಫಾಸ್ಫೇಟ್ ಆಗುತ್ತದೆ. ಆದರೆ ದ್ರವ ಮುಟ್ಟಿದಷ್ಟು ಆಳಕ್ಕೆ ಮಾತ್ರ ಕೆಲಸ. ಹಪ್ಪಳೆ ಎದ್ದ ತುಕ್ಕಿನ ಮೇಲೆ ಹಚ್ಚಿದರೆ ಮೇಲ್ಪದರ ಕಪ್ಪಾಗುತ್ತದೆ, ಕೆಳಗೆ ಕಂದು ಹಾಗೇ ಇರುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯೊಳಗೆ ಅದು ಸರಿಯಾಗಿ ಇಳಿಯುವುದಿಲ್ಲ, ತುಕ್ಕು ಶುರುವಾಗುವುದು ಅಲ್ಲೇ.

ಇನ್ನೊಂದು ತೊಡಕು: ಫಾಸ್ಫಾರಿಕ್ ಆಸಿಡ್ ಉಳಿದ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್ ಹೊಡೆದರೆ ಹಿಡಿತ ಕೆಡುತ್ತದೆ. ಡಬ್ಬಿಯ ಮೇಲೆ ಹೇಳಿದಂತೆ ತೊಳೆದು, ಪೂರ್ತಿ ಒಣಗಿಸಿ ಮುಂದುವರಿಯಬೇಕು.

ಸರಿಯಾದ ವೆಲ್ಡಿಂಗ್ ಕೆಲಸ ಹೇಗೆ ನಡೆಯುತ್ತದೆ?

ಸಿಲ್ ಕೆಲಸವನ್ನೇ ತೆಗೆದುಕೊಳ್ಳಿ, ಎಲ್ಲ ತಪ್ಪುಗಳಿಗೂ ಅದರಲ್ಲಿ ಜಾಗವಿದೆ.

ಬ್ಯಾಟರಿ ಕಳಚಿ, ಹತ್ತಿರದ ವೈರಿಂಗ್, ಕಾರ್ಪೆಟ್, ಪೆಟ್ರೋಲ್ ಪೈಪ್ ಸರಿಸಬೇಕು. ಬಾಗಿಲ ತೆರಪಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆದು ಬಿಗಿಯಬೇಕು, ಮುಖ್ಯವಾಗಿ ಮೇಲ್ಛಾವಣಿ ಇಲ್ಲದ ಕಾರಿಗೆ. ಕಾರು ತನ್ನ ಚಕ್ರಗಳ ಮೇಲೋ ಸಸ್ಪೆನ್ಷನ್ ಹಿಡಿದ ಜಾಗಗಳ ಮೇಲೋ ಸಮನಾಗಿ ನಿಂತಿರಬೇಕು. ಇದನ್ನು ಬಿಟ್ಟು ಸಿಲ್ ಕತ್ತರಿಸಿದರೆ ಬಾಡಿ ನಡುವೆ ಜಗ್ಗುತ್ತದೆ. ಹಾಗೆ ಜಗ್ಗಿದ ಸ್ಥಿತಿಯಲ್ಲೇ ಹೊಸ ಸಿಲ್ ಬೆಸೆದರೆ ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಕತ್ತರಿಸುವ ಮೊದಲು ಬಾಗಿಲ ಸಂದುಗಳನ್ನು ಅಳೆದು ಟೇಪಿನ ಮೇಲೆ ಬರೆದಿಡುವವರು ಕೆಲಸ ಬಲ್ಲವರು.

ಕಾಣುವ ತುಕ್ಕಿನ ಅಂಚಿನಿಂದ 20–30 ಮಿ.ಮೀ. ಆಚೆಗೆ ಕತ್ತರಿಸುತ್ತಾರೆ. ತಗಡು ಪೂರ್ಣ ದಪ್ಪ ಇರುವ ಕಡೆಗೇ ಬೆಸುಗೆ ಬೀಳಬೇಕು. ತೆಳುವಾದ ತಗಡಿಗೆ ಬೆಸೆಯಲು ಹೋದರೆ ಅದು ಕರಗಿ ತೂತು ಇನ್ನೂ ದೊಡ್ಡದಾಗುತ್ತದೆ. ಹೊರ ತಗಡು ತೆಗೆದ ಮೇಲೆ ಒಳ ಸಿಲ್ ಮತ್ತು ನಡುವಿನ ಬಲದ ಪಟ್ಟಿ ಕಾಣುತ್ತವೆ. ಎಸ್ಟಿಮೇಟ್ ಮೀರುವುದಾದರೆ ಷರತ್ತಿನ ಆ ಫೋನ್ ಬರಬೇಕಾದ್ದು ಇಲ್ಲಿಯೇ. ಒಳಗಿನದು ಕೊಳೆತಿದ್ದರೂ ಹೊರಗಿನದನ್ನು ಮಾತ್ರ ಹೊಸದು ಕೂರಿಸಿ ಮುಚ್ಚಿಬಿಡುವುದು ಈ ವ್ಯಾಪಾರದ ಅತಿ ದೊಡ್ಡ ಮೋಸ, ಏಕೆಂದರೆ ಮುಚ್ಚಿದ ಮೇಲೆ ಹಿಡಿಯುವುದು ಕಷ್ಟ.

ಪ್ಯಾಚ್ ತಗಡು ಮೂಲದಷ್ಟೇ ದಪ್ಪದ್ದು ಇರಬೇಕು, ಇಲ್ಲವೇ ಕೂದಲೆಳೆಯಷ್ಟು ಹೆಚ್ಚು. ಹೊರಗೆ ಕಾಣುವ ಕಡೆ ಅಂಚಿಗೆ ಅಂಚು ಸೇರಿಸಿ ಬೆಸೆಯುವುದು ಉತ್ತಮ: ಒಂದರ ಮೇಲೊಂದು ಹೊದಿಸಿದರೆ ನಡುವಿನ ಸಂದಿ ನೀರು ಎಳೆದುಕೊಳ್ಳುತ್ತದೆ. ಹೊದಿಸಲೇಬೇಕಾದರೆ ಸಂದಿಯಲ್ಲಿ ಜಿಂಕ್ ಇರುವ, ಅದರ ಮೇಲೆಯೇ ಬೆಸೆಯಬಹುದಾದ ವೆಲ್ಡ್‌ಥ್ರೂ ಪ್ರೈಮರ್, ಆಮೇಲೆ ಎರಡೂ ಕಡೆ ಸಂದು ಮುಚ್ಚುವ ಸೀಮ್ ಸೀಲರ್ ಬೇಕು. ಫ್ಯಾಕ್ಟರಿ ಸ್ಪಾಟ್ ವೆಲ್ಡ್ (ಚುಕ್ಕಿ ಚುಕ್ಕಿ ಬೆಸುಗೆ) ಇದ್ದ ಅಂಚುಗಳಲ್ಲಿ ಹೊಸ ತಗಡಿಗೆ 6–8 ಮಿ.ಮೀ. ತೂತು ಕೊರೆದು, ಆ ತೂತುಗಳನ್ನು ವೆಲ್ಡ್ ತುಂಬಿ ಹಿಡಿಸುತ್ತಾರೆ. ಮೂಲದಲ್ಲಿ ಎಷ್ಟು ಇದ್ದವೋ ಅದಕ್ಕಿಂತ ಕಡಿಮೆ ಆಗಬಾರದು.

ಮಿಗ್ ವೆಲ್ಡಿಂಗಿಗೆ, ಅಂದರೆ ವಿದ್ಯುತ್ತಿನ ಕಿಡಿಯಲ್ಲಿ ವೈರನ್ನು ಕರಗಿಸುತ್ತ ಬೆಸೆಯುವುದಕ್ಕೆ, ಇಂಥ ತಗಡಿನಲ್ಲಿ 0.6 ಮಿ.ಮೀ. ವೈರ್, ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಬೆರೆಸಿದ ಗ್ಯಾಸ್ ಸರಿ. ಒಂದೇ ಉಸಿರಿಗೆ ಉದ್ದಕ್ಕೂ ಎಳೆಯುವಂತಿಲ್ಲ. ಚುಕ್ಕಿ ಇಲ್ಲೊಂದು, ಒಂದು ಗೇಣು ಆಚೆ ಇನ್ನೊಂದು, ಮತ್ತೆ ಈ ಕಡೆ ಬಂದು ನಡುವೆ ಒಂದು, ಹೀಗೆ ತಣಿಯಲು ಬಿಡುತ್ತ ತುಂಬುತ್ತ ಬರಬೇಕು. ಅವಸರ ಮಾಡಿದರೆ ಕಾವಿಗೆ ತಗಡು ಅಲೆ ಅಲೆಯಾಗಿ, ಆ ಅಲೆ ಮುಚ್ಚಲು ಪುಟ್ಟಿ ದಪ್ಪವಾಗುತ್ತದೆ.

ಗ್ಯಾಸ್ ವೆಲ್ಡಿಂಗ್ ಮಾಡುವವರು ಕಡಿಮೆಗೆ ಮಾಡಿಕೊಡುತ್ತಾರೆ. ಆಗಬಹುದೇ?

ಕೈ ಪಳಗಿದವರು ಆಕ್ಸಿಜನ್–ಅಸಿಟಿಲೀನ್ ಜ್ವಾಲೆಯಲ್ಲಿ ಒಳ್ಳೆಯ ಬೆಸುಗೆ ಕೊಡುತ್ತಾರೆ, ಅದು ಮೆದುವಾಗಿದ್ದು ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಲೂ ಬರುತ್ತದೆ. ತೊಂದರೆ ಕಾವಿನದ್ದು: ಅಗಲಕ್ಕೆ ಹರಡುತ್ತದೆ, ಹಿಂಬದಿಯ ಬಣ್ಣ, ಮೇಣ, ಜಿಂಕ್ ಎಲ್ಲ ಸುಟ್ಟುಹೋಗುತ್ತವೆ. ಹಾಗೆ ಸುಟ್ಟ ಜಾಗಕ್ಕೆ ಕೈ ತಲುಪುವಂತಿದ್ದರೆ ಸರಿ. ಮುಚ್ಚಿದ ಪೆಟ್ಟಿಗೆಯಾದರೆ ಮಿಗ್ ವಾಸಿ. ಈಚಿನ ಕಾರುಗಳ ಪಿಲ್ಲರಿನ ಅಧಿಕ ಬಲದ ಉಕ್ಕಿಗಂತೂ ಗ್ಯಾಸ್ ಜ್ವಾಲೆ ತಾಗಿಸಬಾರದು, ಕಾವಿಗೆ ಅದರ ಬಲವೇ ಹೋಗುತ್ತದೆ.

ತುಕ್ಕು ತೆಗೆಯಲು ಬ್ಲಾಸ್ಟಿಂಗ್ ಒಳ್ಳೆಯದಾ, ಗ್ರೈಂಡರ್ ಒಳ್ಳೆಯದಾ?

ಚಾಸಿಸ್, ಸಸ್ಪೆನ್ಷನ್ ಆರ್ಮ್, ದಪ್ಪ ಬ್ರಾಕೆಟ್‌ಗಳಿಗೆ ಬ್ಲಾಸ್ಟಿಂಗ್‌ಗೆ, ಅಂದರೆ ಗಾಳಿಯ ಒತ್ತಡದಲ್ಲಿ ಒರಟು ಕಣಗಳನ್ನು ಎರಚಿ ತುಕ್ಕು ಕೀಳುವುದಕ್ಕೆ, ಸಮನಾದದ್ದಿಲ್ಲ. ಬಾನೆಟ್, ಮೇಲ್ಛಾವಣಿಯಂಥ ಅಗಲ ತೆಳು ತಗಡಿಗೆ ಒತ್ತಡ ಜಾಸ್ತಿಯಾದರೆ ಅದು ಉಬ್ಬಿ ಹಾಳಾಗುತ್ತದೆ, ಅನುಭವಿಗಳೇ ಮಾಡಬೇಕು. ನದಿ ಮರಳು ಬಳಸುವವರ ಹತ್ತಿರ ನಿಲ್ಲಬೇಡಿ, ಅದರ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೇಡು.

ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿದರೆ ತಗಡು ಹೊಳೆಯುತ್ತದೆ, ಆದರೆ ಹತ್ತಿರದಿಂದ ನೋಡಿ: ಗುಳಿಗಳ ತಳದಲ್ಲಿ ಕಪ್ಪು ಚುಕ್ಕಿಗಳು ಉಳಿದಿರುತ್ತವೆ. ಬ್ರಷ್ ಆ ತುಕ್ಕನ್ನು ತೆಗೆದಿಲ್ಲ, ಪಾಲಿಶ್ ಮಾಡಿದೆ. ಮತ್ತೆ ಗುಳ್ಳೆ ಏಳುವುದು ಈ ಚುಕ್ಕಿಗಳಿಂದಲೇ. ಸಣ್ಣ ಬ್ಲಾಸ್ಟಿಂಗ್ ಗನ್ನು ಅಥವಾ ತುಕ್ಕು ಕರಗಿಸುವ ಜೆಲ್ಲು ಬೇಕಾಗುವುದು ಅಲ್ಲಿಗೆ.

ಬಣ್ಣದ ಪದರಗಳು ಯಾವ ಕ್ರಮದಲ್ಲಿರಬೇಕು?

ಬರೀ ತಗಡನ್ನು ಥಿನ್ನರ್ ಬದಲು ಸರಿಯಾದ ಡಿಗ್ರೀಸರಿನಿಂದ ಒರೆಸಿ, ಅದೇ ದಿನ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್. ಅದರ ಮೇಲೆ ಬೇಕಿದ್ದರೆ ಪುಟ್ಟಿ, ಸಂದುಗಳಿಗೆ ಸೀಮ್ ಸೀಲರ್, ಕೆಳಭಾಗಕ್ಕೆ ಕಲ್ಲೇಟು ತಡೆಯುವ ಕೋಟಿಂಗ್, ಆಮೇಲೆ ಮೇಲ್ಮೈ ನುಣುಪು ಮಾಡುವ ಸರ್ಫೇಸರ್, ಬಣ್ಣ, ಕ್ಲಿಯರ್ ಕೋಟ್. ಮಾಮೂಲಿ ಒಂದು ಭಾಗದ ಪ್ರೈಮರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಅದನ್ನಷ್ಟೇ ಹೊಡೆದು ವಾರಗಟ್ಟಲೆ ಬಯಲಲ್ಲಿ ನಿಲ್ಲಿಸಿದ ಕಾರಿನ ಮೇಲೆ ಬಣ್ಣ ಹಚ್ಚಿದರೆ ತುಕ್ಕಿನ ಮೇಲೆ ಹಚ್ಚಿದಂತೆಯೇ.

ಮುಚ್ಚಿದ ಪೆಟ್ಟಿಗೆಯೊಳಗೆ ಬಣ್ಣ ಹೇಗೆ ಹೋಗುತ್ತದೆ?

ಹೋಗುವುದಿಲ್ಲ. ಹೊರಗಿನಿಂದ ಬೆಸೆದ ಪ್ರತಿಯೊಂದು ಗೆರೆಯ ಹಿಂಬದಿಯೂ ಒಳಗೆ ಸುಟ್ಟು ಬರಿಯ ಉಕ್ಕಾಗಿ ನಿಂತಿರುತ್ತದೆ. ರಿಪೇರಿಯಾದ ಸಿಲ್ ಮತ್ತೆ ಕೊಳೆಯುವುದು ಆ ಗೆರೆಯ ಗುಂಟ. ಇದಕ್ಕೆ ಮದ್ದು ಕ್ಯಾವಿಟಿ ವ್ಯಾಕ್ಸ್, ಅಂದರೆ ಒಣಗಿದ ಮೇಲೂ ಮೆದುವಾಗಿ ಉಳಿದು ಸಂದಿಗೆ ಇಳಿಯುವ ಮೇಣ.

ಬಣ್ಣದ ಕೆಲಸವೆಲ್ಲ ಮುಗಿದು ಒಣಗಿದ ಮೇಲೆ ಇದರ ಸರದಿ. ಮೊದಲೇ ಹೊಡೆದರೆ ಮೇಣ ಸೋರಿ ಬಣ್ಣ ಹಿಡಿಯುವುದಿಲ್ಲ, ವೆಲ್ಡಿಂಗ್‌ಗೆ ಮೊದಲು ಹೊಡೆದರೆ ಬೆಂಕಿ ಹತ್ತುತ್ತದೆ. ಸುತ್ತ ಎಲ್ಲ ದಿಕ್ಕಿಗೂ ಚಿಮ್ಮುವ ತುದಿಯಿರುವ ಉದ್ದ ಕೊಳವೆಯನ್ನು ಪೆಟ್ಟಿಗೆಯ ಕೊನೆಯವರೆಗೆ ತೂರಿಸಿ, ಹೊಡೆಯುತ್ತ ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಕೆಳಗಿನ ನೀರು ತೂತುಗಳಿಂದ ಮೇಣ ತೊಟ್ಟಿಕ್ಕಿದರೆ ಸಂದಿವರೆಗೆ ತಲುಪಿದೆ. ಗಟ್ಟಿಯಾದ ಮೇಲೆ ಆ ತೂತುಗಳನ್ನು ತಂತಿಯಿಂದ ಮತ್ತೆ ತೆರೆಯಿರಿ, ಮರೆತರೆ ಮೇಣವೇ ನೀರು ಕಟ್ಟಿ ಹಾಕುತ್ತದೆ. ಚಳಿಯಲ್ಲಿ ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ ಬಳಸಿ.

ಇಡೀ ರಿಪೇರಿಯಲ್ಲಿ ಖರ್ಚಿಗೆ ಹೋಲಿಸಿದರೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ. ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ.

ಅಂಡರ್‌ಬಾಡಿ ಕೋಟಿಂಗ್ ಹಾಕಿಸಿದರೆ ಸಾಲದೇ?

ಹೊಸ ತಗಡಿಗೆ ಒಳ್ಳೆಯದು, ಹಳೆಯ ತುಕ್ಕಿಗೆ ಕೆಟ್ಟದ್ದು. ಡಾಂಬರಿನಂಥ ಕಪ್ಪು ಕೋಟಿಂಗ್ ಕಾಲಕ್ರಮದಲ್ಲಿ ಒಣಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೊಳ್ಳುವ ಹಳೇ ಕಾರಿನ ಕೆಳಗೆ ಹೊಚ್ಚಹೊಸ ಕಪ್ಪು ಕೋಟಿಂಗ್ ಕಂಡರೆ ಖುಷಿಪಡಬೇಡಿ, ಏನು ಮುಚ್ಚಿದ್ದಾರೆ ಎಂದು ತಟ್ಟಿ ನೋಡಿ. ಮೇಣ ಅಥವಾ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಆಧಾರದ ಕೋಟಿಂಗ್ ಮೆದುವಾಗಿಯೇ ಇರುತ್ತದೆ, ಬಿರುಕು ಬಿಡುವುದಿಲ್ಲ. ಆದರೆ ಚಕ್ರದ ಹತ್ತಿರ ಸವೆಯುವುದರಿಂದ ಒಂದೆರಡು ವರ್ಷಕ್ಕೊಮ್ಮೆ ನೋಡಿ ಮತ್ತೆ ಹಚ್ಚಬೇಕು.

ಬ್ಯಾಟರಿಗೆ ಜೋಡಿಸುವ ಎಲೆಕ್ಟ್ರಾನಿಕ್ ತುಕ್ಕು ತಡೆ ಪೆಟ್ಟಿಗೆ ಕೆಲಸ ಮಾಡುತ್ತದಾ?

ನಂಬಿ ಹಣ ಹಾಕುವಷ್ಟು ಇಲ್ಲ. ಹಡಗಿಗೂ ನೆಲದಡಿಯ ಪೈಪಿಗೂ ವಿದ್ಯುತ್ತಿನಿಂದ ರಕ್ಷಣೆ ಸಿಗುವುದು ಅವು ಸದಾ ನೀರಿನಲ್ಲೋ ತೇವದ ಮಣ್ಣಿನಲ್ಲೋ ಮುಳುಗಿರುವುದರಿಂದ. ಕಾರು ಗಾಳಿಯಲ್ಲಿರುತ್ತದೆ, ಅಲ್ಲಿ ವಿದ್ಯುತ್ ಮಂಡಲವೇ ಪೂರ್ತಿಯಾಗುವುದಿಲ್ಲ.

ಗಾಡಿ ವಾಪಸ್ ತರುವಾಗ ಏನು ನೋಡಬೇಕು?

ಬಣ್ಣ ಕೊನೆಗೆ ನೋಡಿ. ಮೊದಲು ಬರೀ ತಗಡಿನ ಫೋಟೋಗಳು: ಕತ್ತರಿಸಿದ ಮೇಲಿನದು, ಒಳ ತಗಡಿನದು, ವೆಲ್ಡ್ ಆದದ್ದು, ಪ್ರೈಮರ್ ಆದದ್ದು. ಆಮೇಲೆ ಸಿಲ್‌ನ ಕೆಳ ಅಂಚು: ಮೂಲದಂತೆ ಚೂಪಾಗಿ, ನೇರವಾಗಿ ಇರಬೇಕು, ದುಂಡಗೆ ಪುಟ್ಟಿ ಮೆತ್ತಿದಂತಿದ್ದರೆ ಕೇಳಿ. ನೀರು ಹೋಗುವ ತೂತುಗಳು ಇವೆಯೇ? ಹೊಸ ಪ್ಯಾನೆಲ್ ಹಾಕಿ ತೂತು ಬಿಡದೆ ಮುಚ್ಚಿರುವುದು ಬಹಳ ಕಡೆ ಕಾಣುವ ತಪ್ಪು. ಬಾಗಿಲು ಎತ್ತದೆ, ತಳ್ಳದೆ ಮುಚ್ಚಬೇಕು, ಸಂದು ಮೇಲಿಂದ ಕೆಳಗೆ ಒಂದೇ ಸಮ ಇರಬೇಕು. ಸಿಲ್‌ನ ರಬ್ಬರ್ ಬಿರಡೆ ತೆಗೆದು ಬೆರಳು ಹಾಕಿದರೆ ಮೇಣ ಅಂಟಬೇಕು. ಮೊಬೈಲಿಗೆ ಜೋಡಿಸುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಇದ್ದರೆ ಒಳಗೆ ಬಿಡಿ, ಸುಟ್ಟ ಗೆರೆ ಬರಿದಾಗಿದೆಯೋ ಮುಚ್ಚಿದೆಯೋ ನೇರವಾಗಿ ಕಾಣುತ್ತದೆ.

ಎಷ್ಟು ವರ್ಷ ಬಾಳುತ್ತದೆ?

ಪುಟ್ಟಿ ತುಂಬಿದ್ದು ಒಂದೆರಡು ವರ್ಷ. ಹಳೆಯದರ ಮೇಲೆ ಹೊದಿಸಿದ ಪ್ಯಾಚ್ ಹೆಚ್ಚೆಂದರೆ ಮೂರು ನಾಲ್ಕು. ಕತ್ತರಿಸಿ ಬೆಸೆದು, ಎಪಾಕ್ಸಿ ಮತ್ತು ಮೇಣ ಹಾಕಿದ್ದು ಹತ್ತು ವರ್ಷ ದಾಟುವುದು ಅಪರೂಪವಲ್ಲ. ಉಪ್ಪಿನ ಗಾಳಿಯಲ್ಲಿ ಅಥವಾ ಹಿಮಕ್ಕೆ ಉಪ್ಪು ಚೆಲ್ಲುವ ರಸ್ತೆಯಲ್ಲಿ ಇದೆಲ್ಲ ಕಡಿಮೆಯಾಗುತ್ತದೆ. ಗ್ಯಾರಂಟಿ ಕೊಟ್ಟರೆ ಬಣ್ಣದ ಹೊಳಪಿಗೋ, ತುಕ್ಕು ಮತ್ತೆ ಬರುವುದಕ್ಕೋ ಎಂದು ಬರೆಸಿಕೊಳ್ಳಿ. ವಿಮೆ ತುಕ್ಕಿಗೆ ಹಣ ಕೊಡುವುದಿಲ್ಲ, ಅದು ಸವಕಳಿಯ ಲೆಕ್ಕಕ್ಕೆ ಹೋಗುತ್ತದೆ.

ಯಾವಾಗ ಕೈಬಿಡುವುದು ಜಾಣತನ?

ಒಂದು ಸಿಲ್, ಎರಡು ಕಮಾನು ಹೋಗಿದ್ದರೆ ಮಾಡಿಸಬಹುದು. ಎರಡೂ ಸಿಲ್, ಫ್ಲೋರ್, ಹಿಂದಿನ ಚಾಸಿಸ್ ರೈಲು ಮೂರೂ ಸೇರಿ ಹೋಗಿದ್ದರೆ ಬೆಸೆಯಲು ಗಟ್ಟಿ ತಗಡೇ ಸಿಗುವುದಿಲ್ಲ. ಎಸ್ಟಿಮೇಟ್ ಅದೇ ಮಾದರಿಯ ಒಳ್ಳೆಯ ಕಾರಿನ ಬೆಲೆಯ ಅರ್ಧ ದಾಟಿದಾಗ ಲೆಕ್ಕ ಮತ್ತೆ ಹಾಕಿ. ಎಂಜಿನ್ ಕೆಟ್ಟು ಬಾಡಿ ಗಟ್ಟಿಯಿರುವ ಕಾರು ಹುಡುಕಿ ನಿಮ್ಮ ಎಂಜಿನ್ ಅದಕ್ಕೆ ಹಾಕುವುದು ಎಷ್ಟೋ ಸಲ ಅಗ್ಗ. ನೋಂದಣಿ ನಿಯಮ ಮೊದಲೇ ವಿಚಾರಿಸಿ. ಅಪರೂಪದ ಮಾದರಿಯಾದರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಪೋರ್ಷ 911ರಂತೆ 1970ರ ದಶಕದ ನಡುವಿನಲ್ಲೇ ಬಾಡಿಗೆ ಜಿಂಕ್ ಲೇಪಿಸಲು ಶುರುಮಾಡಿದ ಕಾರುಗಳಲ್ಲಿ, ಅದಕ್ಕೆ ಹಿಂದಿನ ವರ್ಷದ್ದಕ್ಕೂ ನಂತರದ್ದಕ್ಕೂ ತುಕ್ಕಿನ ಖರ್ಚು ತುಂಬಾ ಬೇರೆ, ಕೊಳ್ಳುವಾಗಲೇ ಅದನ್ನು ನೋಡಿಕೊಳ್ಳಬೇಕು.

ರಿಪೇರಿ ಬೇಡವಾಗುವಂತೆ ಮನೆಯಲ್ಲಿ ಏನು ಮಾಡಬಹುದು?

ಚಕ್ರದ ಕಮಾನಿನ ಒಳ ಅಂಚಿನಲ್ಲಿ ಕೂತ ಕೆಸರನ್ನು ಬೆರಳು ಹಾಕಿ ತೆಗೆದು ನೀರು ಬಿಡಿ. ಒಣಗದ ಆ ಕೆಸರೇ ಕಮಾನು ತಿನ್ನುವುದು. ಬಾಗಿಲು, ಸಿಲ್, ಸನ್‌ರೂಫ್ ನೀರು ತೂತುಗಳನ್ನು ವರ್ಷಕ್ಕೆ ಎರಡು ಸಲ ತೆರೆಯಿರಿ. ಗಾಜಿನ ಕೆಳಗಿನ ಗಾಳಿಕಿಂಡಿಯಲ್ಲಿ ಬಿದ್ದ ಎಲೆ ತೆಗೆಯಿರಿ. ಕಲ್ಲೇಟು ಬಿದ್ದ ಕಡೆ ಆ ವಾರದಲ್ಲೇ ಉಜ್ಜಿ, ಪ್ರೈಮರ್ ಮತ್ತು ಬಣ್ಣದ ಚುಕ್ಕಿ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯನ್ನು ಒದ್ದೆ ಕಾರಿನ ಮೇಲೆ ಹಾಕಬೇಡಿ, ಬರೀ ನೆರಳಿನಲ್ಲಿ ಗಾಳಿಗೆ ನಿಂತ ಕಾರು ಅದಕ್ಕಿಂತ ಚೆನ್ನಾಗಿರುತ್ತದೆ. ಒದ್ದೆ ಮ್ಯಾಟ್‌ಗಳನ್ನು ಹೊರಗೆ ಹಾಕಿ ಒಣಗಿಸಿ, ಹಾಗೇ ಅದರಡಿಯ ಫೋಮನ್ನೂ ಒಮ್ಮೆ ಒತ್ತಿ ನೋಡಿ.